ಎಷ್ಟು ಮೀಟರ್ ಹೋಯ್ತು ಅಂತ ಕೇಳಿ

ಈ ಸಲ ಬಂದ ಪತ್ರಗಳಲ್ಲಿ ಆಟದ ವಿಷಯವೇ ಜಾಸ್ತಿ. ಕ್ರಿಕೆಟ್ ಪ್ರಶ್ನೆಗಳನ್ನು ಬೇಕಂತಲೇ ಪಕ್ಕಕ್ಕಿಟ್ಟಿದ್ದೇನೆ, ಅದಕ್ಕೆ ಉತ್ತರ ಹೇಳುವವರು ಪ್ರತಿ ಟೀ ಅಂಗಡಿಯಲ್ಲೂ ಇದ್ದಾರೆ.

ಪ್ರಶ್ನೆ: ಚಿಕ್ಕ ವಯಸ್ಸಿನಲ್ಲಿ ನಿಮ್ಮ ಹೀರೋ ಯಾರು? ವಿಶ್ವನಾಥ್, ಪ್ರಕಾಶ್ ಪಡುಕೋಣೆ ಅಂತ ಹೇಳಿ ತಪ್ಪಿಸಿಕೊಳ್ಳಬೇಡಿ. — ಓದುಗರೊಬ್ಬರು, ದಾವಣಗೆರೆ

ತಪ್ಪಿಸಿಕೊಳ್ಳೋದಿಲ್ಲ. 1980ರಲ್ಲಿ ಪ್ರಕಾಶ್ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಗೆದ್ದಾಗ ಮೈಸೂರಿನ ನಮ್ಮ ವಠಾರದಲ್ಲೂ ಪೇಪರು ಮನೆಯಿಂದ ಮನೆಗೆ ಓಡಾಡಿತ್ತು, ನಿಜ. ಆದರೆ ನನ್ನ ಹೀರೋ ಎದುರುಮನೆಯಲ್ಲೇ ಇದ್ದರು. ಹೆಸರು ಬರೆಯೋದಿಲ್ಲ, ಅವರಿಗೆ ಅದು ಇಷ್ಟವಿರಲಿಲ್ಲ. ನಾವೆಲ್ಲ ಅಕ್ಕ ಅಂತಲೇ ಕರೆಯುತ್ತಿದ್ದೆವು.

ಅಕ್ಕನಿಗೆ ಎರಡು ವರ್ಷ ತುಂಬುವ ಮೊದಲೇ ಪೋಲಿಯೊ ಆಗಿತ್ತಂತೆ. ಎರಡೂ ಕಾಲಿಗೆ ಶಕ್ತಿ ಇರಲಿಲ್ಲ. ಮನೆಯೊಳಗೆ ಕೈಯೂರಿ ತೆವಳಿಕೊಂಡು ಓಡಾಡುತ್ತಿದ್ದರು, ಹೊರಗೆ ಹೋಗುವಾಗ ಕೈಯಲ್ಲಿ ತುಳಿಯುವ ಮೂರು ಚಕ್ರದ ಗಾಡಿ. ವಠಾರದ ಬಾಗಿಲಲ್ಲಿ ಮೂರು ಮೆಟ್ಟಿಲು. ಇಳಿಜಾರು ಮಾಡಿಸಿಕೊಡಿ ಅಂತ ಅವರ ಅಪ್ಪ ಮನೆ ಓನರ್ ಹತ್ತಿರ ಎಷ್ಟೋ ಸಲ ಕೇಳಿದ್ದರು, ಆಗಲಿಲ್ಲ. ಕೊನೆಗೆ ಹಳೇ ಬಾಗಿಲೊಂದರ ಹಲಗೆ ತಂದು ಮೆಟ್ಟಿಲ ಮೇಲೆ ಹಾಸಿದರು. ಆ ಹಲಗೆ ಅಕ್ಕನ ಗಾಡಿಗೆ ಎಷ್ಟು ಉಪಯೋಗಕ್ಕೆ ಬಂತೋ, ನಮ್ಮ ಗೋಲಿ ಆಟಕ್ಕೂ ಅಷ್ಟೇ ಬಂತು.

ಅವರ ಆಟ ಗುಂಡು ಎಸೆತ. ಶುರುವಾಗಿದ್ದು ಹಿತ್ತಿಲಲ್ಲಿ, ಒಡೆದುಹೋದ ಒರಳಿನ ಗುಂಡುಕಲ್ಲಿನಿಂದ. ಅಕ್ಕ ಕೂತಲ್ಲಿಂದಲೇ ಅದನ್ನು ಎತ್ತಿ ಎಸೆಯುತ್ತಿದ್ದರು, ಅವರಜ್ಜಿ ಒಳಗಿಂದ ಬೈಯುತ್ತಿದ್ದರು, ಕಲ್ಲು ಒಂದು ದಿನ ಬಚ್ಚಲ ಮನೆಯ ಹಂಡೆಗೆ ತಗುಲಿದ ಮೇಲಂತೂ ಹಿತ್ತಿಲೇ ಬಂದ್. ಆಮೇಲೆ ಯಾರೋ ಪಿ.ಟಿ. ಮೇಷ್ಟ್ರು ಶಾಲೆಯದೊಂದು ಮೂರು ಕೆಜಿ ಕಬ್ಬಿಣದ ಗುಂಡನ್ನು ಕೊಟ್ಟರು. ನಮ್ಮ ಬೀದಿ ಕೊನೆಯಲ್ಲಿ ಗೇಟು, ಕಿಟಕಿ ಮಾಡುವ ವೆಲ್ಡಿಂಗ್ ಶಾಪ್ ಇತ್ತು. ಅಲ್ಲಿ ಅಕ್ಕ ತಾವೇ ಚಿತ್ರ ಬರೆದುಕೊಟ್ಟು ಒಂದು ಕುರ್ಚಿ ಮಾಡಿಸಿದರು. ಎಡಗಡೆ ಹಿಡಿದುಕೊಳ್ಳೋಕೆ ನೆಟ್ಟಗೆ ಒಂದು ಪೈಪು, ಕೆಳಗೆ ಹಗ್ಗ ಕಟ್ಟೋಕೆ ನಾಲ್ಕು ಬಳೆ. ಸಂಜೆ ಮೈದಾನದ ಮೂಲೆಗೆ ಹೋಗಿ ನಾವು ನಾಲ್ಕು ಗೂಟ ಹೊಡೆದು ಕುರ್ಚಿ ಬಿಗಿಯುತ್ತಿದ್ದೆವು, ಅಕ್ಕ ಅಪ್ಪನ ಹಳೇ ಪಂಚೆಯಿಂದ ಸೊಂಟವನ್ನು ಕುರ್ಚಿಗೆ ಕಟ್ಟಿಕೊಳ್ಳುತ್ತಿದ್ದರು, ಆಮೇಲೆ ಕತ್ತಲಾಗುವವರೆಗೆ ಎಸೆಯೋದೇ ಎಸೆಯೋದು.

ನಮ್ಮ ಕೆಲಸ ಗುಂಡು ತಂದುಕೊಡುವುದು, ಬಿದ್ದ ಜಾಗದಲ್ಲಿ ಕಡ್ಡಿ ನೆಡುವುದು, ಅಳೆಯುವುದು. ಅಳೆಯೋಕೆ ವಠಾರದ ಟೈಲರ್ ಮಾಮನ ಟೇಪು. ಅದು ಇರೋದೇ ಅರವತ್ತು ಇಂಚು, ಹಾಗಾಗಿ ಮತ್ತೆ ಮತ್ತೆ ಹಿಡಿದು ಕೂಡಬೇಕು. ಅಕ್ಕನಿಗೆ ಖುಷಿಯಾಗಲಿ ಅಂತ ನಾವು ಒಂದೆರಡು ಇಂಚು ಜಾಸ್ತಿ ಹೇಳುತ್ತಿದ್ದೆವು. ಅವರಿಗೆ ಗುಂಡು ಕೈಬಿಟ್ಟ ಕ್ಷಣದಲ್ಲೇ ಎಷ್ಟು ಹೋಯಿತು ಅಂತ ಗೊತ್ತಾಗಿಬಿಡುತ್ತಿತ್ತು. "ಸುಳ್ಳು ಇಂಚು ನಂಗೆ ಬೇಡ ಕಣ್ರೋ, ಇನ್ನೊಂದು ಸಲ ಅಳೀರಿ" ಅನ್ನೋರು. ಆ ಲೆಕ್ಕವನ್ನೆಲ್ಲ ರೂಲ್ಡ್ ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆಯುತ್ತಿದ್ದರು. ಹಾಲಿನ ಲೆಕ್ಕವೂ ಅದರಲ್ಲೇ.

1981ನ್ನು ವಿಶ್ವಸಂಸ್ಥೆ ಅಂಗವಿಕಲರ ಅಂತರರಾಷ್ಟ್ರೀಯ ವರ್ಷ ಅಂತ ಸಾರಿತ್ತು, ವಯಸ್ಸಾದ ಓದುಗರಿಗೆ ನೆನಪಿರಬಹುದು. ಆ ವರ್ಷ ನಮ್ಮ ಶಾಲೆಯವರು ಅಕ್ಕನನ್ನು ಮುಖ್ಯ ಅತಿಥಿಯಾಗಿ ಕರೆದರು. ವೇದಿಕೆಗೆ ಮೆಟ್ಟಿಲಿತ್ತು, ನಾಲ್ಕು ಜನ ಕುರ್ಚಿ ಸಮೇತ ಎತ್ತಿಕೊಂಡು ಹೋದರು. ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲಾ ಆಯಿತು. ಭಾಷಣ ಮಾಡಿದವರೆಲ್ಲ ಛಲ, ಧೈರ್ಯ, ದೇವರ ಪರೀಕ್ಷೆ ಅಂತ ಮಾತಾಡಿದರು, ಒಬ್ಬ ಮೇಡಂ ಕಣ್ಣೀರೂ ಹಾಕಿದರು. ಅಕ್ಕ ಬೇಜಾರಿನ ಮುಖ ಮಾಡಿಕೊಂಡು ಕೂತಿದ್ದರು, ಅದು ನಮಗೆ ಮಾತ್ರ ಗೊತ್ತಾಗುತ್ತಿತ್ತು. ಮಕ್ಕಳು ಏನಾದರೂ ಕೇಳಬಹುದು ಅಂದಾಗ ಐದನೇ ಕ್ಲಾಸಿನ ಹುಡುಗನೊಬ್ಬ ಎದ್ದು ನಿಂತು, ನೀವು ಎಸೆದರೆ ಎಷ್ಟು ಮೀಟರ್ ಹೋಗುತ್ತೆ ಅಂತ ಕೇಳಿದ. ಮೇಷ್ಟ್ರು ಅವನನ್ನು ಕೂರಿಸೋಕೆ ಹೋದರು. ಅಕ್ಕ ಅವರನ್ನೇ ತಡೆದು, ನಾಲ್ಕು ಮೀಟರ್ ದಾಟಿದ್ದೇನೆ, ಹೋದ ತಿಂಗಳು ಇಷ್ಟಿತ್ತು, ಈ ತಿಂಗಳು ಇಷ್ಟು, ಮೊಣಕೈ ಕೆಳಗೆ ಬಿದ್ದರೆ ಅರ್ಧ ಮೀಟರ್ ಹೋಗಿಬಿಡುತ್ತೆ ಅಂತ ಕೈ ಎತ್ತಿ ತೋರಿಸಿಕೊಂಡು ಮಾತಾಡಿದರು ನೋಡಿ, ಊಟದ ಬೆಲ್ಲು ಹೊಡೆದರೂ ನಿಲ್ಲಿಸಲಿಲ್ಲ.

ಅವತ್ತು ದೊಡ್ಡವರು ಕೆಲವರು ನಾಲ್ಕು ಮೀಟರ್ ಅಂದರೆ ಏನು ಮಹಾ ಅಂತ ನಕ್ಕಿದ್ದೂ ಕೇಳಿಸಿತು. 2016ರಲ್ಲಿ ರಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ (ಅಂಗವಿಕಲರ ಒಲಿಂಪಿಕ್ಸ್) ದೀಪಾ ಮಲಿಕ್ ಗುಂಡು ಎಸೆತದಲ್ಲಿ ಬೆಳ್ಳಿ ಗೆದ್ದರಲ್ಲ, ಪ್ಯಾರಾಲಿಂಪಿಕ್ಸ್ ಪದಕ ಗೆದ್ದ ಭಾರತದ ಮೊದಲ ಮಹಿಳೆ, ಅವರ ಎಸೆತ 4.61 ಮೀಟರ್. ಅವರ ವಿಭಾಗ ಬೇರೆ, ಎದೆಯಿಂದ ಕೆಳಗೆ ಶಕ್ತಿಯಿಲ್ಲದವರದು, ಅಕ್ಕನಿಗೆ ಹೋಲಿಸುವ ಹಾಗಿಲ್ಲ. ಆದರೂ ಆ ದಿನ ಪೇಪರಿನಲ್ಲಿ ಆ ಅಂಕಿ ಓದಿದಾಗ, ನಕ್ಕವರನ್ನು ಹುಡುಕಿಕೊಂಡು ಹೋಗಿ ತೋರಿಸಬೇಕು ಅನ್ನಿಸಿತು.

ಅಕ್ಕ ರಾಜ್ಯ ಮಟ್ಟದ ಕೂಟಗಳಿಗೆ ಬೆಂಗಳೂರಿಗೆ ಹೋಗುತ್ತಿದ್ದರು. ಆಗ ಮೈಸೂರು–ಬೆಂಗಳೂರು ಮೀಟರ್ ಗೇಜ್ ರೈಲು. ಅವರಮ್ಮ ಒಂದು ಕಡೆ, ಟ್ರಂಕು ಒಂದು ಕಡೆ, ಗುಂಡು ಚೀಲದಲ್ಲಿ. ಪದಕ ಬಂದಿದ್ದೂ ಇದೆ. ಆದರೆ ಅವರು ಹೇಳುತ್ತಿದ್ದುದು ಪದಕದ ಕಥೆಯಲ್ಲ, ಕಡಿಮೆ ಜನ ಸೇರುತ್ತಾರೆ ಅನ್ನೋ ದೂರು. ಮೂರೇ ಜನ ಇದ್ದರೆ ಮೂರನೆಯವಳಿಗೂ ಪದಕ, ಅದರಲ್ಲಿ ಏನು ಮಜಾ ಅಂತ. ಅವರಿಗೆ ಬೇಕಾಗಿದ್ದು ಚಪ್ಪಾಳೆ ಅಲ್ಲ, ಗಟ್ಟಿ ಪೈಪೋಟಿ. ನನಗೆ ಅವರು ಹೀರೋ ಆಗಿದ್ದು ಇದಕ್ಕೇ.

ಪ್ರಶ್ನೆ: ಕೂತು ಎಸೆಯೋದು ನಿಂತು ಎಸೆಯೋದಕ್ಕಿಂತ ಸುಲಭ ಅಲ್ವಾ? ಬೀಳುವ ಭಯ ಇಲ್ಲ. — ಕಾಲೇಜು ವಿದ್ಯಾರ್ಥಿ, ಬಳ್ಳಾರಿ

ನಿಂತು ಎಸೆಯುವವರನ್ನು ಒಮ್ಮೆ ಗಮನಿಸಿ ನೋಡಪ್ಪ. ಹಿಂದಕ್ಕೆ ಬಗ್ಗಿ, ಜಾರಿಕೊಂಡು ಬಂದು, ಇಲ್ಲವೇ ಗಿರ್ರನೆ ತಿರುಗಿ ಎಸೆಯುತ್ತಾರೆ. ಬಲ ಹುಟ್ಟುವುದು ಪಾದದಲ್ಲಿ, ಅದು ತೊಡೆ, ಸೊಂಟ, ಬೆನ್ನು ಹಾದು ಕೊನೆಗೆ ಕೈಗೆ ಬರುತ್ತದೆ. ಕೂತವರಿಗೆ ಆ ಮೊದಲ ಭಾಗವೇ ಇಲ್ಲ. ಭುಜ, ತೋಳು, ಬೆನ್ನಿನಲ್ಲಿ ಎಷ್ಟು ಉಳಿದಿದೆಯೋ ಅಷ್ಟೇ ಬಂಡವಾಳ.

ನಿಯಮವೂ ಬಿಗಿ. ಕುರ್ಚಿ ನೆಲಕ್ಕೆ ಭದ್ರವಾಗಿ ಬಿಗಿದಿರಬೇಕು. ಕೂರುವ ಜಾಗ, ಮೆತ್ತೆ ಸೇರಿ, 75 ಸೆಂಟಿಮೀಟರ್‌ಗಿಂತ ಎತ್ತರ ಇರುವಂತಿಲ್ಲ. ಎಸೆಯುವಾಗ ಕುಂಡೆ ಸೀಟಿನಿಂದ ಮೇಲೆ ಎದ್ದರೆ ಫೌಲ್. ಕಟ್ಟೋಕೆ, ಬಿಚ್ಚೋಕೆ ಹೊತ್ತು ಹಿಡಿಯುವುದರಿಂದ ಒಬ್ಬರ ಎಸೆತಗಳನ್ನು ಒಂದರ ಹಿಂದೆ ಒಂದರಂತೆ ಮುಗಿಸುತ್ತಾರೆ. ಅಂದರೆ ನಿಂತು ಎಸೆಯುವವರ ಹಾಗೆ ಮಧ್ಯೆ ನೀರು ಕುಡಿದು, ಬೇರೆಯವರು ಎಷ್ಟು ಎಸೆದರು ಅಂತ ನೋಡಿ, ಸುಧಾರಿಸಿಕೊಂಡು ಬರುವ ಅವಕಾಶ ಕಡಿಮೆ. ನಂಬಿಕೆ ಬರದಿದ್ದರೆ ಸ್ಟೂಲಿನ ಮೇಲೆ ಕೂತು, ಎರಡೂ ಕಾಲು ನೆಲ ಬಿಟ್ಟು ಮೇಲೆತ್ತಿ, ಮೂರು ಕೆಜಿ ತೂಕ ಎಸೆದು ನೋಡಿ. ಹಿಂದೆ ದಿಂಬು ಇಟ್ಟುಕೊಳ್ಳಿ.

ಪ್ರಶ್ನೆ: ನಮ್ಮ ಹಾಸನದ ಗಿರೀಶ ಗೆದ್ದಿದ್ದು ನಿಮಗೆ ನೆನಪಿದೆಯಾ? ಈಗ ಎಲ್ಲರೂ ಮರೆತಿದ್ದಾರೆ. — ಹಾಸನದಿಂದ ಒಬ್ಬರು

ಮರೆಯೋದು ಹೇಗೆ ಸ್ವಾಮಿ? 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಇಡೀ ಭಾರತಕ್ಕೆ ಬಂದಿದ್ದು ಒಂದೇ ಒಂದು ಪದಕ, ಅದು ಎಚ್.ಎನ್. ಗಿರೀಶ ಅವರ ಎತ್ತರ ಜಿಗಿತದ ಬೆಳ್ಳಿ. ಹುಟ್ಟಿನಿಂದ ಎಡಗಾಲಿನ ತೊಂದರೆ. ಹಾರಿದ್ದು 1.74 ಮೀಟರ್. ಇಲ್ಲೊಂದು ಸಂಗತಿ ಜಾಸ್ತಿ ಜನರಿಗೆ ಗೊತ್ತಿಲ್ಲ: ಚಿನ್ನ ಗೆದ್ದ ಫಿಜಿಯ ಇಲಿಯೆಸಾ ಡೆಲಾನಾ ಹಾರಿದ್ದೂ 1.74 ಮೀಟರೇ. ಎತ್ತರ ಸಮ ಆದಾಗ ಯಾರು ಕಡಿಮೆ ಸಲ ತಪ್ಪಿದ್ದಾರೆ ಅಂತ ಎಣಿಸುತ್ತಾರೆ, ಗಿರೀಶ ಅಲ್ಲಿ ಹಿಂದೆ ಬಿದ್ದರು. ಫಿಜಿಗೆ ಅದು ಮೊಟ್ಟಮೊದಲ ಪ್ಯಾರಾಲಿಂಪಿಕ್ಸ್ ಪದಕ. ಗಿರೀಶ ಅವರಿಗೆ 2013ರಲ್ಲಿ ಪದ್ಮಶ್ರೀ ಬಂತು.

ಆ ಒಂದು ಪದಕದ ಮುಂದಿನ ಲೆಕ್ಕ ನೋಡಿ. ರಿಯೊದಲ್ಲಿ 4, ಟೋಕಿಯೊದಲ್ಲಿ 19, 2024ರ ಪ್ಯಾರಿಸ್‌ನಲ್ಲಿ 29. ನಿಮ್ಮ ಜಿಲ್ಲೆಗೆ ಇನ್ನೊಂದು ಹೆಮ್ಮೆಯೂ ಇದೆ. ಬ್ಯಾಡ್ಮಿಂಟನ್‌ನಲ್ಲಿ ಟೋಕಿಯೊ, ಪ್ಯಾರಿಸ್ ಎರಡರಲ್ಲೂ ಬೆಳ್ಳಿ ಗೆದ್ದ ಐಎಎಸ್ ಅಧಿಕಾರಿ ಸುಹಾಸ್ ಯತಿರಾಜ್ ಹುಟ್ಟಿದ್ದು ಹಾಸನದಲ್ಲೇ. ಉತ್ತರ ಪ್ರದೇಶದಲ್ಲಿ ಕೆಲಸ ಮಾಡುವುದರಿಂದ ನಮ್ಮವರು ಅನ್ನೋದು ನಮಗೇ ತಡವಾಗಿ ಗೊತ್ತಾಯಿತು.

ಪ್ರಶ್ನೆ: ಟಿ42, ಎಫ್57 ಅಂತೆಲ್ಲ ಬಸ್ ನಂಬರ್ ಥರ ಬರೆಯುತ್ತಾರಲ್ಲ, ಏನದು? — ಗೃಹಿಣಿ, ಶಿರಸಿ

ಬಸ್ ನಂಬರ್ ಅಂದಿದ್ದಕ್ಕೆ ನಗು ಬಂತು. ಟಿ ಅಂದರೆ ಓಟ ಮತ್ತು ಜಿಗಿತ, ಎಫ್ ಅಂದರೆ ಎಸೆತ. ಜಿಗಿತವನ್ನು ಮೊದಲು ಎಫ್‌ನಲ್ಲೇ ಇಟ್ಟಿದ್ದರು, ಅದಕ್ಕೇ ಲಂಡನ್‌ನಲ್ಲಿ ಗಿರೀಶ ಎಫ್42, ರಿಯೊದಲ್ಲಿ ಅದೇ ಆಟದ ಚಿನ್ನ ಗೆದ್ದ ತಮಿಳುನಾಡಿನ ಮಾರಿಯಪ್ಪನ್ ತಂಗವೇಲು ಟಿ42. ನಂಬರಿನ ಮೊದಲ ಅಂಕಿ ತೊಂದರೆ ಯಾವ ಬಗೆಯದು ಅಂತ ಹೇಳುತ್ತದೆ. 11ರಿಂದ 13 ದೃಷ್ಟಿ, 20 ಬುದ್ಧಿಯ ಬೆಳವಣಿಗೆ, 30ರ ಸಾಲು ಸೆರೆಬ್ರಲ್ ಪಾಲ್ಸಿಯಂಥವು, 40 ಮತ್ತು 41 ಕುಳ್ಳ ದೇಹದವರು, 42ರಿಂದ 47 ಕಾಲು ಅಥವಾ ಕೈ, 50ರ ಸಾಲು ಕೂತು ಆಡುವವರು, 60ರ ಸಾಲು ಕೃತಕ ಕಾಲು ಹಾಕಿಕೊಂಡವರು. ಒಂದೇ ಬಗೆಯ ತೊಂದರೆಯಲ್ಲಿ ಸಾಮಾನ್ಯವಾಗಿ ಅಂಕಿ ಚಿಕ್ಕದಾದಷ್ಟೂ ತೊಂದರೆ ಜಾಸ್ತಿ.

ಇದು ಗೊತ್ತಿದ್ದರೆ ನೋಡುವ ಕಣ್ಣೇ ಬದಲಾಗುತ್ತದೆ. ಎಫ್53ರ ದೀಪಾ 4.61 ಮೀಟರ್‌ಗೆ ಬೆಳ್ಳಿ ಗೆದ್ದರೆ, ಪ್ಯಾರಿಸ್‌ನಲ್ಲಿ ಎಫ್57ರ ಹೊಕಾಟೊ ಸೆಮಾ 14.65 ಮೀಟರ್ ಎಸೆದು ಕಂಚು ಗೆದ್ದರು. ಸೆಮಾ ನಾಗಾಲ್ಯಾಂಡಿನ ಸೈನಿಕ, ನೆಲಬಾಂಬಿನಲ್ಲಿ ಎಡಗಾಲು ಕಳೆದುಕೊಂಡವರು. ಇಬ್ಬರೂ ಕೂತೇ ಎಸೆದಿದ್ದು. ಆದರೆ ಸೆಮಾ ಅವರಿಗೆ ಸೊಂಟ, ಬೆನ್ನು, ಹೊಟ್ಟೆಯ ಬಲ ಇದೆ. ಯಾರು ದೊಡ್ಡವರು ಅನ್ನೋ ಪ್ರಶ್ನೆಯೇ ಅಲ್ಲಿಲ್ಲ, ಪಂದ್ಯವೇ ಬೇರೆ.

ಟಿ11ರ ಓಟವನ್ನು ಒಮ್ಮೆ ನೋಡಲೇಬೇಕು ಮೇಡಂ. ಎಲ್ಲರಿಗೂ ಕಣ್ಣಿಗೆ ಪಟ್ಟಿ, ಪಕ್ಕದಲ್ಲಿ ದಾರಿ ತೋರುವ ಓಟಗಾರ, ಇಬ್ಬರ ಕೈ ನಡುವೆ ಒಂದು ಪುಟ್ಟ ಹಗ್ಗ. ನಮ್ಮ ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು ಹೀಗೇ ಓಡಿ 2018ರ ಜಕಾರ್ತಾ ಮತ್ತು 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಪ್ಯಾರಾ ಗೇಮ್ಸ್ ಎರಡರಲ್ಲೂ 1500 ಮೀಟರ್ ಚಿನ್ನ ಗೆದ್ದರು, ಪ್ಯಾರಿಸ್‌ಗೂ ಹೋದರು. ಕೊನೆ ಗೆರೆಯನ್ನು ಓಟಗಾರ್ತಿಯೇ ಮೊದಲು ದಾಟಬೇಕು, ಜೊತೆಯವರು ಮುಂದೆ ಎಳೆದುಕೊಂಡು ಹೋಗುವಂತಿಲ್ಲ. ಹಗ್ಗ ಬಿಡುವಂತೆಯೂ ಇಲ್ಲ. ಪ್ಯಾರಿಸ್ ಮ್ಯಾರಥಾನ್‌ನಲ್ಲಿ ಸ್ಪೇನಿನ ಎಲೆನಾ ಕೊಂಗೊಸ್ಟ್ ಕೊನೆಯ ಕೆಲವೇ ಮೀಟರ್ ಇರುವಾಗ, ಸ್ನಾಯು ಹಿಡಿದು ಬೀಳುತ್ತಿದ್ದ ಜೊತೆಗಾರನಿಗೆ ಕೈ ಕೊಡೋಕೆ ಒಂದು ಕ್ಷಣ ಹಗ್ಗ ಬಿಟ್ಟರು. ಅವತ್ತು ಕಂಚು ಹೋಯಿತು. ನಿಯಮ ನಿಯಮವೇ ಅಂತ ಒಪ್ಪುತ್ತೇನೆ, ಆದರೆ ಆ ತೀರ್ಪು ನನಗೆ ಇವತ್ತಿಗೂ ಜೀರ್ಣವಾಗಿಲ್ಲ.

ಪ್ರಶ್ನೆ: ಭಾರತಕ್ಕೆ ಪ್ಯಾರಾಲಿಂಪಿಕ್ಸ್‌ನ ಮೊದಲ ಚಿನ್ನ ಯಾರದು? — ಕಲಬುರಗಿ

ಮುರಳೀಕಾಂತ್ ಪೇಟ್ಕರ್. ನಿಮಗೆ ಬಲು ದೂರದವರೇನಲ್ಲ, ಸಾಂಗ್ಲಿ ಜಿಲ್ಲೆಯವರು. 1965ರ ಯುದ್ಧದಲ್ಲಿ ಗುಂಡೇಟು ತಿಂದ ಸೈನಿಕ. 1972ರಲ್ಲಿ ಜರ್ಮನಿಯ ಹೈಡಲ್‌ಬರ್ಗ್‌ನಲ್ಲಿ 50 ಮೀಟರ್ ಈಜನ್ನು 37.33 ಸೆಕೆಂಡಿನಲ್ಲಿ ಮುಗಿಸಿದರು. ಪದ್ಮಶ್ರೀ ಬಂದಿದ್ದು 2018ರಲ್ಲಿ. ಎಷ್ಟು ವರ್ಷ ಆಯಿತು ಅಂತ ನೀವೇ ಕಳೆದು ನೋಡಿ.

ಪ್ರಶ್ನೆ: ನಮ್ಮ ಕಾಲದಲ್ಲಿ ಪ್ರತಿ ಬೀದಿಯಲ್ಲೂ ಪೋಲಿಯೊ ಆದವರು ಒಬ್ಬರಿರುತ್ತಿದ್ದರು. ಈಗ ಕಾಣುವುದಿಲ್ಲ. ಮಾಲತಿ ಹೊಳ್ಳ ಅವರಂಥವರು ಇನ್ನು ಬರೋದಿಲ್ಲವೇ? — ನಿವೃತ್ತ ಶಿಕ್ಷಕಿ, ಉಡುಪಿ

ಕಾಣದಿರುವುದು ಒಳ್ಳೆಯದೇ ಅಲ್ವಾ ಟೀಚರ್. ಭಾರತದಲ್ಲಿ ತಾನಾಗಿ ಹರಡುವ ಪೋಲಿಯೊ ವೈರಸ್ಸಿನ (ವೈಲ್ಡ್ ಪೋಲಿಯೊ) ಕೊನೆಯ ಪ್ರಕರಣ ಕಂಡಿದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದ ಒಂದು ಮಗುವಿಗೆ. 2014ರ ಮಾರ್ಚ್ 27ರಂದು ಪೋಲಿಯೊ ಮುಕ್ತ ಅಂತ ಪ್ರಮಾಣಪತ್ರ ಸಿಕ್ಕಿತು. 1995ರಿಂದ ಭಾನುವಾರಗಳಲ್ಲಿ ಬಸ್ ಸ್ಟ್ಯಾಂಡ್, ಅಂಗನವಾಡಿ, ಶಾಲೆಗಳಲ್ಲಿ ಕೂತು ಎರಡೆರಡು ಹನಿ ಹಾಕಿದವರ ಕೆಲಸ ಅದು. ನಿಮ್ಮಂಥ ಟೀಚರುಗಳೂ ಅದರಲ್ಲಿದ್ದರು.

ಮಾಲತಿ ಹೊಳ್ಳ ಆ ಹನಿ ಬರುವ ಮೊದಲಿನ ತಲೆಮಾರು. 1958ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು, ಕೂಸಾಗಿದ್ದಾಗಲೇ ಪೋಲಿಯೊ, 30ಕ್ಕೂ ಹೆಚ್ಚು ಆಪರೇಷನ್. ಗುಂಡು, ಡಿಸ್ಕಸ್, ಜಾವೆಲಿನ್, ವೀಲ್‌ಚೇರ್ ಓಟ ಯಾವುದನ್ನೂ ಬಿಡಲಿಲ್ಲ, ಜೊತೆಗೆ ಬ್ಯಾಂಕ್ ಕೆಲಸ. 1995ರಲ್ಲಿ ಅರ್ಜುನ, 2001ರಲ್ಲಿ ಪದ್ಮಶ್ರೀ. ಆಮೇಲೆ ಅಂಗವಿಕಲ ಮಕ್ಕಳಿಗಾಗಿ ಮಾತೃ ಫೌಂಡೇಷನ್ ಕಟ್ಟಿದರು. ನನಗೆ ಅವರಲ್ಲಿ ಇಷ್ಟವಾಗುವುದು ಅವರ ಗತ್ತು. ಅಯ್ಯೋ ಪಾಪ ಅನ್ನಿಸಿಕೊಳ್ಳೋಕೆ ಅವರು ಯಾವತ್ತೂ ಅವಕಾಶ ಕೊಟ್ಟವರಲ್ಲ. ಮುಂದೆ ಬರುವವರು ಪೋಲಿಯೊದಿಂದ ಬರೋದಿಲ್ಲ, ಆದರೆ ರಸ್ತೆ ಅಪಘಾತ, ಕರೆಂಟು ಶಾಕ್, ಹುಟ್ಟಿನ ತೊಂದರೆ ಇವೆಲ್ಲ ಎಲ್ಲಿಗೂ ಹೋಗಿಲ್ಲ. ಬರುತ್ತಾರೆ.

ಪ್ರಶ್ನೆ: ನನ್ನ ಮಗನಿಗೆ ಹನ್ನೊಂದು ವರ್ಷ. ಹುಟ್ಟಿನಿಂದ ಎಡಗೈ ಬೆಳೆದಿಲ್ಲ. ಪಿ.ಟಿ. ಪೀರಿಯಡ್‌ನಲ್ಲಿ ಅವನನ್ನು ಸ್ಕೋರ್ ಬರೆಯೋಕೆ ಕೂರಿಸುತ್ತಾರೆ. ಅವನಿಗೆ ಆಡುವ ಆಸೆ. ಜಗಳ ಮಾಡಲೇ, ಸುಮ್ನೆ ಇರಲೇ? — ಹೆಸರು ಬೇಡ, ತುಮಕೂರು

ಸುಮ್ನೆ ಇರಬೇಡಿ. ಜಗಳವೂ ಮೊದಲೇ ಬೇಡ. ನಾಳೆ ಹೋಗಿ ಆ ಪಿ.ಟಿ. ಮೇಷ್ಟ್ರ ಹತ್ತಿರ ಕೂತು ಮಾತಾಡಿ. ಬಹಳ ಸಲ ಅವರಿಗೆ ಇರುವುದು ಕೆಟ್ಟ ಮನಸ್ಸಲ್ಲ, ಏನಾದರೂ ಆದರೆ ನಮ್ಮ ತಲೆಗೆ ಬರುತ್ತೆ ಅನ್ನೋ ಭಯ. ಅವನು ಬಿದ್ದರೆ ಬೇರೆ ಮಕ್ಕಳು ಬಿದ್ದಾಗ ಏನು ಮಾಡುತ್ತೀರೋ ಅದನ್ನೇ ಮಾಡಿ ಅಂತ ನೀವೇ ಹೇಳಿ, ಬೇಕಾದರೆ ಬರೆದುಕೊಡಿ. ಅದಕ್ಕೂ ಬಗ್ಗದಿದ್ದರೆ ಹೆಡ್‌ಮಾಸ್ಟರಿಗೆ ಅರ್ಜಿ ಕೊಟ್ಟು, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್ ಅಂತ ಬರೆಯಿರಿ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆಗಳು ಉಳಿದ ಮಕ್ಕಳಿಗೆ ಸಮನಾಗಿ ಆಟದ ಅವಕಾಶ ಕೊಡಬೇಕು ಅಂತ ಅದರಲ್ಲಿದೆ. ಕ್ರೀಡೆಗೇ ಬೇರೆ 30ನೇ ಸೆಕ್ಷನ್ ಇದೆ. ಸೆಕ್ಷನ್ ನಂಬರ್ ಹಾಕಿದ ಅರ್ಜಿಯನ್ನು ಯಾರೂ ಡ್ರಾಯರಿನಲ್ಲಿ ಇಟ್ಟು ಮರೆಯೋದಿಲ್ಲ.

ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಸರ್ಕಾರಿ ಗುರುತಿನ ಚೀಟಿ, ಮಾಡಿಸಿಲ್ಲದಿದ್ದರೆ ಈಗಲೇ ಮಾಡಿಸಿ, ಮುಂದೆ ಪ್ರತಿ ಕಡೆ ಕೇಳುತ್ತಾರೆ. ಯಾವ ಆಟ ಅಂತ ನೀವು ತೀರ್ಮಾನ ಮಾಡಬೇಡಿ, ಅವನನ್ನೇ ಕೇಳಿ. ಓಟ, ಉದ್ದ ಜಿಗಿತ, ಬ್ಯಾಡ್ಮಿಂಟನ್, ಫುಟ್‌ಬಾಲ್, ಯಾವುದೂ ಆಗಬಹುದು. ಈಜು ಕೂಡ. ಬೆಂಗಳೂರಿನ ಶರತ್ ಗಾಯಕ್ವಾಡ್ ಅವರಿಗೂ ಹುಟ್ಟಿನಿಂದ ಎಡಗೈ ಪೂರ್ತಿ ಇರಲಿಲ್ಲ. ಶಾಲೆಯಲ್ಲಿ ಈಜು ಕಡ್ಡಾಯ ಅಂತ ನೀರಿಗೆ ಇಳಿದವರು, 2014ರ ಇಂಚಿಯಾನ್ ಏಷ್ಯನ್ ಪ್ಯಾರಾ ಗೇಮ್ಸ್‌ನಲ್ಲಿ ಒಂದೇ ಕೂಟದಲ್ಲಿ ಆರು ಪದಕ ತಂದರು. 1986ರ ಏಷ್ಯನ್ ಗೇಮ್ಸ್‌ನಲ್ಲಿ ಪಿ.ಟಿ. ಉಷಾ ಗೆದ್ದಿದ್ದು ಐದು. ಅವರ ಶಾಲೆಯಲ್ಲಿ ಯಾರಾದರೂ ಪಾಪ, ಈ ಹುಡುಗ ದಡದಲ್ಲಿ ಕೂರಲಿ ಅಂದಿದ್ದರೆ ಏನಾಗುತ್ತಿತ್ತು ಅಂತ ಆ ಮೇಷ್ಟ್ರಿಗೆ ಕೇಳಿ ನೋಡಿ.

ಇನ್ನೊಂದು ಮಾತು. ಮಗ ಮೊದಲ ಸಲ ಆಡಿ ಸೋತು ಮನೆಗೆ ಬಂದರೆ, ಪರವಾಗಿಲ್ಲ ಮರಿ, ನೀನು ಆಡಿದ್ದೇ ದೊಡ್ಡದು ಅಂತ ಮುದ್ದು ಮಾಡಬೇಡಿ. ಎಲ್ಲಿ ತಪ್ಪಿತು ಅಂತ ಕೇಳಿ. ಸ್ಕೋರ್ ಬರೆಯೋಕೆ ಬೇರೆ ಯಾರಾದರೂ ಸಿಗುತ್ತಾರೆ. ಮುಂದಿನ ತಿಂಗಳು ಏನಾಯಿತು ಅಂತ ಪತ್ರ ಹಾಕಿ, ಮೇಷ್ಟ್ರು ಒಪ್ಪದಿದ್ದರೂ ಹಾಕಿ.